ಚೀಲದ ಬಾಯಿಗಿಟ್ಟ ಕಾಳು

ಹಸಿ ಸುಣ್ಣದ ವಾಸನೆ ಬಂದರೆ ನಾನು ಇವತ್ತಿಗೂ ಅಲ್ಲಿ ನಿಲ್ಲಲಾರೆ. ಉಳಿದವರಿಗೆ ಅದು ಹಬ್ಬದ ವಾಸನೆ, ಲಗ್ನದ ಮನೆಯ ವಾಸನೆ. ನನಗೆ ಅದು ಅಪ್ಪಟ ಮೋಸದ ವಾಸನೆ.

ಹೋದ ಬೇಸಿಗೆಯಲ್ಲಿ ಕಿರಿಯ ಮಗ ಮತ್ತು ಸೊಸೆ ಮೊಮ್ಮಗಳಿಗೆ ಶಾಲೆ ಆರಿಸಲು ಹೊರಟಾಗ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು. "ಜೀವನಾ ಪೂರ್ತಿ ಮಾಸ್ತರಕಿ ಮಾಡೀರಿ. ನಿಮ್ಮ ಕಣ್ಣಿಗೆ ಬೀಳೂದು ನಮಗ ಬೀಳಂಗಿಲ್ಲ, ಬರ್ರಿ ಅತ್ತಿ" ಎಂದಳು ಸೊಸೆ. ವಿಜಯಪುರದ ಹೊರಗೆ ಹೊಸದಾಗಿ ಎದ್ದ ಖಾಸಗಿ ಶಾಲೆ. ಹೂವಿನ ಕುಂಡ, ಕಾಲು ಜಾರುವ ನೆಲ, ಬಾಗಿಲಲ್ಲಿ ಕೂತು ಎಲ್ಲದಕ್ಕೂ ನಗುವ ಒಬ್ಬ ಹುಡುಗಿ. ಪೋಷಕರಿಗೆ ತೋರಿಸುವ ದಿನವಂತೆ ಅವತ್ತು. ಹಿಂದಿನ ಕಂಪೌಂಡಿಗೆ ಆಗತಾನೆ ಸುಣ್ಣ ಹೊಡೆದಿದ್ದರು. ಮೂಲೆಯೊಂದರಲ್ಲಿ ಆ ಬಿಳುಪಿನ ಅಡಿಯಿಂದ ಎಲೆ ಅಡಿಕೆ ಉಗುಳಿದ ಕೆಂಪು ಮೆಲ್ಲಗೆ ಹಾಯ್ದು ಬರುತ್ತಿತ್ತು. ಅದನ್ನು ನೋಡಿದ್ದೇ ತಡ, ನಾನು ಸೆರಗು ಮೂಗಿಗೆ ಹಿಡಿದು ಹೊರಗೆ ಬಂದುಬಿಟ್ಟೆ. ಸೊಸೆ ಗಾಬರಿಯಾಗಿ ಹಿಂದೆಯೇ ಓಡಿ ಬಂದಳು. ಬಿಸಿಲಿಗೆ ಹಾಗಾಗಿದೆ ಎಂದುಕೊಂಡಳು ಪಾಪ. ಬಿಸಿಲಲ್ಲ ತಾಯಿ, ಅರವತ್ತು ವರ್ಷದ ಹೇಸಿಗೆ ಅದು, ಇನ್ನೂ ಜೀರ್ಣವಾಗಿಲ್ಲ.

ನಮ್ಮದು ಸಿಂದಗಿ. ಅಪ್ಪ ಶಿವಲಿಂಗಪ್ಪ ಪೇಟೆಯಲ್ಲಿ ದಲಾಲಿ ಮಾಡುತ್ತಿದ್ದ. ಯಂಕಂಚಿ, ಕನ್ನೊಳ್ಳಿ ಕಡೆಯ ರೈತರು ಚಕ್ಕಡಿಯಲ್ಲಿ ಜೋಳ, ತೊಗರಿ ಹೇರಿಕೊಂಡು ಬಂದರೆ ಅದಕ್ಕೆ ಗಿರಾಕಿ ಕುದುರಿಸುವುದು ಅವನ ಕೆಲಸ. ಅಪ್ಪನ ಸೊಂಟದಲ್ಲಿ ಯಾವಾಗಲೂ ಒಂದು ಕಬ್ಬಿಣದ ಕೊಳವೆ ಇರುತ್ತಿತ್ತು. ಚೂಪು ತುದಿಯದು, ಚೀಲದ ಹೊಟ್ಟೆಗೆ ಚುಚ್ಚಿ ತೆಗೆದರೆ ತಳದ ಕಾಳು ಅಂಗೈಗೆ ಬರುತ್ತಿತ್ತು. ಚೀಲದ ಬಾಯಿಗೆ ಗಟ್ಟಿ ಕಾಳು ಇಟ್ಟು, ಒಳಗೆ ಜೊಳ್ಳು, ಹರಳು ತುಂಬುವವರು ಪೇಟೆಯಲ್ಲಿ ಎಲ್ಲ ಕಾಲಕ್ಕೂ ಇದ್ದರು. ಅಪ್ಪನ ಹತ್ತಿರ ಅವರ ಆಟ ನಡೆಯುತ್ತಿರಲಿಲ್ಲ. "ಶಿವಲಿಂಗಣ್ಣನ ಮುಂದ ಬಾಯಿ ಬಿಚ್ಚಿ ಏನ್ ಮಾಡ್ತಿ, ಆಂವ ಹೊಟ್ಟೀಗೇ ಕೈ ಹಾಕ್ತಾನ" ಎಂದು ಹಮಾಲರು ನಗುತ್ತಿದ್ದರು. ಅಂಥ ಅಪ್ಪ ಜೀವಮಾನದಲ್ಲಿ ಒಂದೇ ಸಲ ಬಾಯಿ ನೋಡಿ ಮೋಸ ಹೋದ. ಅದು ನನ್ನ ಶಾಲೆಯ ವಿಷಯದಲ್ಲಿ.

ಅರವತ್ತರ ದಶಕ ಶುರುವಾದ ಹೊಸತು. ನಮ್ಮೂರ ಹೆಣ್ಣುಮಕ್ಕಳ ಶಾಲೆ ಏಳನೆಯ ಇಯತ್ತೆಗೆ ಮುಗಿಯುತ್ತಿತ್ತು. ಆ ವರ್ಷ ಮುಲ್ಕಿ ಪರೀಕ್ಷೆ ಪಾಸಾದವರಲ್ಲಿ ನಾನೊಬ್ಬಳು, ಹಸೀನಾ ಒಬ್ಬಳು. ಹಸೀನಾ ನಮ್ಮ ಪಕ್ಕದ ಮನೆಯ ಇಮಾಮಸಾಬ ಕಾಕಾನ ಮಗಳು. ಅವರದು ಚುರಮುರಿ ಭಟ್ಟಿ. ಅಜ್ಜನ ಅಜ್ಜನ ಕಾಲದಿಂದ ಸಿಂದಗಿಗೆ ಸಿಂದಗಿಯೇ ಅವರ ಭಟ್ಟಿಯ ಚುರಮುರಿ, ಪುಟಾಣಿ ತಿಂದು ಬೆಳೆದಿತ್ತು. ಲೆಕ್ಕದಲ್ಲಿ ಹಸೀನಾ ಎಂದರೆ ಹಸೀನಾ. ಮಾಸ್ತರರ ಬಾಯಿಯಿಂದ ಲೆಕ್ಕ ಹೊರಬೀಳುವಷ್ಟರಲ್ಲಿ ಉತ್ತರ ಹೇಳಿ ಕಣ್ಣು ಮಿಟುಕಿಸುತ್ತಿದ್ದಳು. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು, ಆದರೂ ಅವಳನ್ನು ಬಿಟ್ಟು ಇರಲು ಆಗುತ್ತಿರಲಿಲ್ಲ.

ಮುಂದೇನು ಎಂಬ ಪ್ರಶ್ನೆ ಎರಡೂ ಮನೆಯಲ್ಲಿ ಎದ್ದಿತು. ಊರಿನ ಹೈಸ್ಕೂಲಿನಲ್ಲಿ ಹುಡುಗಿಯರ ಸುಳಿವೇ ಇರಲಿಲ್ಲ. ವಿಜಾಪುರಕ್ಕೆ ಕಳಿಸಿ ಯಾರ ಮನೆಯಲ್ಲಿ ಇಡುವುದು? ಅಷ್ಟರಲ್ಲಿ ಇಂಡಿ ಊರಿನಿಂದ ನನ್ನ ಸೋದರಮಾವ ಬಂದು ಕಟ್ಟೆಯ ಮೇಲೆ ಠಿಕಾಣಿ ಹೂಡಿದ. "ಸಾಲಿ ಮುಗೀತಲ್ಲ ಮಾವಾರ, ನೀಲಾಗ ಇನ್ನೇನೈತಿ? ನಮ್ಮ ಹುಡುಗಗ ಕೊಟ್ಟು ಅಕ್ಕಿಕಾಳು ಹಾಕಿ ಬಿಡ್ರಿ" ಎಂದು ಅಪ್ಪನ ಬೆನ್ನು ಹತ್ತಿದ. ಅವನ ಮಗ ಎಮ್ಮೆ ಮೈತೊಳೆಯುವುದರಲ್ಲಿ ಬಲು ಶಾಣ್ಯಾ, ಬೇರೆ ಯಾವುದರಲ್ಲೂ ಅಲ್ಲ. ನನ್ನ ಅವ್ವ ತಮ್ಮನಿಗೆ ಚಹಾ ಕೊಟ್ಟು, "ಹುಡುಗಿ ಇನ್ನೂ ಓದ್ತಾಳ. ನಿನ್ನ ಮಗಗ ಬ್ಯಾರೆ ಕಡೆ ನೋಡು" ಎಂದು ಮುಖಕ್ಕೇ ಹೇಳಿದಳು. ಓದುತ್ತಾಳೆ ಎಂದಳು ಸರಿ, ಎಲ್ಲಿ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆಗಲೇ ಪೇಟೆಯ ನಾಲ್ಕು ಜನ ವರ್ತಕರು ಕಮೀಟಿ ಕಟ್ಟಿಕೊಂಡು ಹೊಸ ಶಾಲೆ ತೆಗೆದರು. ಅದರ ಚೇರಮನ್ನನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಬಾಯಿ ಮುಕ್ಕಳಿಸಬೇಕಾಗುತ್ತದೆ. ದೊಡ್ಡ ತೊಗರಿ ವ್ಯಾಪಾರಿ, ಹಣೆತುಂಬ ವಿಭೂತಿ, ಮಾತು ಮಾತ್ರ ಬೆಲ್ಲದ ಪಾಕ. ಬಸವ ಜಯಂತಿಯ ದಿನ ಶಾಲೆ ನೋಡಲು ಬನ್ನಿರೆಂದು ಊರಿಗೆಲ್ಲ ಹೇಳಿ ಕಳಿಸಿದ. ಅಪ್ಪ, ಇಮಾಮಸಾಬ ಕಾಕಾ, ನಾವಿಬ್ಬರು ಹುಡುಗಿಯರು ಹೋದೆವು.

ಶಾಲೆ ಎಂದರೆ ಅವನದೇ ಗೋದಾಮು. ಒಳಗೆ ಹೊರಗೆ ಹಾಲಿನ ಹಾಗೆ ಸುಣ್ಣ ಬಳಿದಿದ್ದರು. ಬಾಗಿಲಿಗೆ ಮಾವಿನ ತೋರಣ, ಹೊಸ ಕರಿ ಹಲಗೆ, ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಮಣ್ಣಿನ ಹರವಿ, ಅದರ ಮೇಲೆ ಥಳಥಳ ತಂಬಿಗೆ. ಒಂದು ಕಡೆ ಹುಡುಗರು, ಇನ್ನೊಂದು ಕಡೆ ಎರಡು ಸಾಲು ತುಂಬ ಹುಡುಗಿಯರು. ಎಲ್ಲರಿಗೂ ಒಂದೇ ಬಣ್ಣದ ಹೊಸ ಪರಕಾರ, ಪೋಲಕಾ, ಎರಡು ಜಡೆ. ತಲೆ ಎತ್ತದೆ ಪುಸ್ತಕ ನೋಡುತ್ತ ಕೂತಿದ್ದರು. ನಾನೂ ಹಸೀನಾನೂ ಕೈ ಕೈ ಹಿಡಿದುಕೊಂಡು ಬಾಯಿ ತೆರೆದು ನಿಂತೆವು.

"ಬರ್ರಿ ಬರ್ರಿ ಶಿವಲಿಂಗಣ್ಣ, ಬರ್ರಿ ಸಾಹೇಬ್ರ" ಎಂದ ಚೇರಮನ್. "ನಮ್ಮ ಸಾಲಿ ಯಾವ ಸರಕಾರದ ಹಂಗಿನ್ಯಾಗೂ ಇಲ್ಲ. ಗಂಡು ಹೆಣ್ಣು ಅಂತ ಭೇದ ಇಲ್ಲ. ಮುಂಜಾನಿ ಬರೂದು, ಸಂಜಿಕ ಮನಿಗಿ ಹೋಗೂದು. ಮಕ್ಕಳು ಓದಿದಂಗೂ ಆತು, ನಿಮ್ಮ ಕಣ್ಣ ಮುಂದ ಇದ್ದಂಗೂ ಆತು."

ಸಾಲಿನ ತುದಿಗೆ ಕೂತ ಹುಡುಗಿಯ ಪರಕಾರದ ಅಂಚಿನಿಂದ ಬೆಳ್ಳಿ ಕಾಲುಂಗುರ ಇಣುಕಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಕಂಡು ಅವಳು ಕಾಲು ಒಳಗೆ ಎಳೆದುಕೊಂಡಳು. ಹಸೀನಾಳ ಕಿವಿಯಲ್ಲಿ ಹೇಳಿದೆ.

"ಲಗ್ನ ಆದಾಕಿನ್ನೂ ಕಲಸಾಕ ತಗೊಂಡಾರಂದ್ರ ಎಂಥಾ ಚಲೋ ಸಾಲಿ ಇದು!" ಎಂದಳು ಹಸೀನಾ. ಅವಳ ಮುಖ ನೋಡಿ ನನಗೂ ಹೌದೆನಿಸಿತು.

ಎಲ್ಲರಿಗೂ ಜಿಲೇಬಿ ಕೊಟ್ಟರು. ಹೊರಗೆ ಬಂದು ಇಮಾಮಸಾಬ ಕಾಕಾ ಅಂದ: "ಇಷ್ಟ ಮಂದಿ ಹುಡುಗೇರು ಅದಾರಂದ್ರ ನಂದೇನು ತಕರಾರಿಲ್ಲಣ್ಣ. ನಿನ್ನ ಮಗಳ ಜೋಡಿ ನನ್ನ ಮಗಳೂ ಬರ್ತಾಳ." ಅಪ್ಪ ತಲೆಯಾಡಿಸಿದ. ಕಬ್ಬಿಣದ ಕೊಳವೆ ಆವತ್ತೂ ಸೊಂಟದಲ್ಲಿತ್ತು.

ಮನೆಗೆ ಬಂದ ಮೇಲೆ ಅವ್ವ ಕೇಳಿದಳು: "ಆ ಹುಡುಗೇರ್ನ ಮಾತಾಡ್ಸಿದ್ರ್ಯಾ? ಯಾರ ಪೈಕಿ, ಯಾವ ಊರವರು?"

"ಮಂದಿ ಹೆಣ್ಣುಮಕ್ಕಳನ್ನ ಹಂಗ ನಿಂದ್ರಿಸಿ ಕೇಳಾಕ ಬರ್ತೈತೇನ?"

"ತೊಗರಿ ಆದ್ರ ತಳಮಟ ಚುಚ್ಚಿ ನೋಡ್ತೀರಿ."

"ತೊಗರಿ ಬ್ಯಾರೆ, ಸಾಲಿ ಬ್ಯಾರೆ. ಗುಡಿ, ಸಾಲಿ, ಬೀಗರ ಮನಿ, ಈ ಮೂರೂ ಕಡೆ ಚುಚ್ಚಿ ನೋಡಬಾರದು" ಎಂದ ಅಪ್ಪ. ಅದು ಪೇಟೆಯ ಮರ್ಯಾದೆ. ಯಾವ ದಲಾಲನೂ ಆ ಮೂರು ಕಡೆ ಸಂಶಯದ ಮಾತು ಆಡುತ್ತಿರಲಿಲ್ಲ. ಆ ಮರ್ಯಾದೆ ಚೇರಮನ್ನನಿಗೂ ಚೆನ್ನಾಗಿ ಗೊತ್ತಿತ್ತು. ಅವನೂ ಅದೇ ಪೇಟೆಯವನಲ್ಲವೇ? ಎಲ್ಲಿ ಚುಚ್ಚುವುದಿಲ್ಲವೋ ಅಲ್ಲಿಯೇ ಹರಳು ತುಂಬಿದ, ಭಾಡ್ಯಾ.

ಮಿರಗದ ಮಳೆ ಬಿತ್ತು, ಶಾಲೆ ಶುರುವಾಯಿತು. ಎರಿ ಮಣ್ಣು ಕಾಲಿಗೆ ಮೆತ್ತಿ ಮೆತ್ತಿ ಆನೆಯ ಕಾಲಾಗಿ, ನಾವಿಬ್ಬರೂ ನಕ್ಕು ಬೀಳುತ್ತ ಏಳುತ್ತ ಶಾಲೆ ಮುಟ್ಟಿದೆವು. ಒಳಗೆ ಹುಡುಗರು ಇದ್ದರು. ಹುಡುಗಿಯರ ಕಡೆ ಒಬ್ಬರೂ ಇರಲಿಲ್ಲ. ಎರಡು ಸಾಲು ಕೂತಿದ್ದ ಜಾಗದಲ್ಲಿ ತೊಗರಿ ಚೀಲಗಳ ಅಟ್ಟಿ ಎದ್ದಿತ್ತು.

"ಹಳ್ಳ್ಯಾಗಿಂದ ಬರೂ ಹುಡುಗೇರು, ಮಳಿ ಅಲ್ಲೇನು, ಬರ್ತಾರ" ಎಂದರು ಹೆಡ್‌ಮಾಸ್ತರರು. ಮಳೆ ನಿಂತಿತು, ಬರಲಿಲ್ಲ. ಬಿತ್ತಿಗೆ ಮುಗಿಯಲಿ ಎಂದರು. ಬಿತ್ತಿಗೆ ಮುಗಿಯಿತು, ಪಂಚಮಿ ಆಗಲಿ ಎಂದರು. ನಾವಿಬ್ಬರು ಚೀಲದ ಅಟ್ಟಿಗೆ ಬೆನ್ನು ಕೊಟ್ಟು ಗೋಣಿತಟ್ಟಿನ ಮೇಲೆ ಕೂರುತ್ತಿದ್ದೆವು. ಪಾಠದ ನಡುವೆ ಹಮಾಲರು ಬಂದು ನಮ್ಮನ್ನು ಎಬ್ಬಿಸಿ ಚೀಲ ಹೊತ್ತುಕೊಂಡು ಹೋಗುತ್ತಿದ್ದರು. ತೊಗರಿಯ ಧೂಳು, ಇಲಿಯ ಉಚ್ಚೆಯ ನಾತ. ಮಳೆಯ ಹಸಿಗೆ ಸುಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರಿ, ಗೋದಾಮಿನ ಗೋಡೆಯ ಹಳೆಯ ಉಗುಳೆಲ್ಲ ಮತ್ತೆ ಮೇಲೆ ಬಂತು. ನಾನು ಕೂರುವ ಜಾಗದ ಪಕ್ಕದಲ್ಲೇ ಒಂದು ಕೆಂಪು ಕಲೆ. ದಿನವಿಡೀ ಅದರ ಕಡೆ ಬೆನ್ನು ತಿರುಗಿಸಿ ಕೂರುತ್ತಿದ್ದೆ. ಹುಡುಗಿಯರಿಗೆ ಹೊರಕಡೆಗೆ ಹೋಗಲು ಜಾಗವೂ ಇರಲಿಲ್ಲ. ಸಂಜೆಯವರೆಗೆ ಹಲ್ಲು ಕಚ್ಚಿ ಕೂತು ಮನೆಗೆ ಓಡುತ್ತಿದ್ದೆವು. ಥೂ, ಇದೇನು ಶಾಲೆಯೋ ದೊಡ್ಡಿಯೋ!

ಇಷ್ಟರ ಮೇಲೆ, ಇದ್ದೊಬ್ಬ ಸಿಪಾಯಿಯನ್ನೂ ಬಿಡಿಸಿದರು. "ಎರಡು ಹೆಣ್ಣುಮಕ್ಕಳು ಬಂದಾವಲ್ಲ, ಆಳ ಯಾಕ ಬೇಕು?" ಎಂದನಂತೆ ಚೇರಮನ್. ನಾನು ಹರವಿಗೆ ನೀರು ತುಂಬಬೇಕು, ಹಸೀನಾ ಕಸ ಹೊಡೆಯಬೇಕು. ನೀರಿನ ಕೆಲಸ ಅವಳಿಗೆ ಯಾಕಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ನೀರಡಿಕೆಯಾದರೆ ನಾನು ತಂಬಿಗೆಯಿಂದ ಅವಳ ಬೊಗಸೆಗೆ ಹುಯ್ಯಬೇಕು. ಮಾಸ್ತರರು ಕಣ್ಣಿನಲ್ಲೇ ಹಾಗೆಂದು ತೋರಿಸಿದರು.

ಶ್ರಾವಣದ ಒಂದು ಸಂತೆಯಲ್ಲಿ ಆ ಕಾಲುಂಗುರದ ಹುಡುಗಿ ಸಿಕ್ಕಳು. ಗಂಡನ ಹಿಂದೆ ಬುಟ್ಟಿ ಹೊತ್ತು ನಡೆಯುತ್ತಿದ್ದಳು, ಈಗ ಸೀರೆಯಲ್ಲಿ. ನಾನು ಓಡಿ ಹೋಗಿ ಸೆರಗು ಹಿಡಿದೆ. "ಅಕ್ಕಾ, ಸಾಲಿಗೆ ಯಾಕ ಬರವಲ್ರಿ?"

ಅವಳು ಮೊದಲು ಗುರುತು ಹಿಡಿಯಲಿಲ್ಲ. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಯ್ಯ ನನ ತಂಗಿ, ನನಗೆಲ್ಲಿ ಸಾಲಿ? ನಮ್ಮ ಮಾವಂದು ಚೇರಮನ್ರ ಅಂಗಡ್ಯಾಗ ಯವಾರ ಐತಿ. ಒಂದ ದಿನದ ಮಟ್ಟಿಗೆ ಸೊಸೀನ್ನ ಕಳಸು ಅಂದ್ರು, ಕಳಿಸಿದ್ರು. ನಮ್ಮ ಕನ್ನೊಳ್ಳಿಂದ ಒಂದ ಚಕ್ಕಡಿ, ಯಂಕಂಚಿಂದ ಒಂದ ಚಕ್ಕಡಿ ಹೋಗಿತ್ತು. ಪರಕಾರ ಅವರ್ದ, ಹೊತ್ತ ಮುಳುಗೂದ್ರಾಗ ಬಿಚ್ಚಿ ಇಸಗೊಂಡ್ರು. ಜಿಲೇಬಿ ಮಾತ್ರ ಚಲೋ ಇದ್ದು ನೋಡು."

ನಾನು ಮನೆಗೆ ಬಂದು ಹೇಳಿದಾಗ ಅಪ್ಪ ಊಟಕ್ಕೆ ಕೂತಿದ್ದ. ಮುರಿದ ರೊಟ್ಟಿಯನ್ನು ತಾಟಿಗೇ ಬಿಟ್ಟ. ಸೊಂಟದ ಕೊಳವೆ ತೆಗೆದು ನೆಲದ ಮೇಲಿಟ್ಟು, "ಬಾಯಿ ನೋಡಿ ಮಾಲ ತಗೊಂಡ್ನಲ್ಲೋ ಶಿವಲಿಂಗಾ" ಎಂದು ತನಗೆ ತಾನೇ ಅಂದುಕೊಂಡ. ಅವನನ್ನು ಅಷ್ಟು ಸಣ್ಣವನಾಗಿ ನಾನು ಎಂದೂ ಕಂಡಿರಲಿಲ್ಲ. ಕೈ ತೊಳೆದವನೇ ಚೇರಮನ್ನನ ಅಂಗಡಿಗೆ ನಡೆದ. ಅಲ್ಲಿ ಆ ಮಹಾರಾಯ ಗಾದಿಗೆ ಒರಗಿ ಚುರಮುರಿ ಮೆಲ್ಲುತ್ತಿದ್ದನಂತೆ. ಇಮಾಮಸಾಬ ಕಾಕಾನ ಭಟ್ಟಿಯದೇ, ದಿನಾ ಸಂಜೆ ಅವನಿಗೆ ಅದು ಬೇಕು.

"ಸಿಟ್ಟಿಗೇಳಬ್ಯಾಡ್ರಿ ಶಿವಲಿಂಗಣ್ಣ. ಮಾಲ ಮುಂದ ಇಟ್ರನ ಗಿರಾಕಿ ಬರೂದು, ನಿಮಗ ನಾ ಹೇಳಬೇಕಾ? ಹುಡುಗೇರನ್ನ ನೋಡಿ ಹುಡುಗೇರು ಬರ್ತಾರಂತ ಕುಂದರಿಸಿದ್ವಿ. ನಿಮ್ಮವರು ಬಂದ್ರಲ್ಲ!" ಎಂದು ನಕ್ಕನಂತೆ. ಅಪ್ಪ ಬಂದು ಹೇಳುವಾಗ ಅವ್ವ ಒಲೆಯ ಬೂದಿಗೆ ಥೂ ಎಂದು ಉಗುಳಿದಳು.

ಇಷ್ಟಾದರೂ ಇಮಾಮಸಾಬ ಕಾಕಾ ಮಗಳನ್ನು ಬಿಡಿಸಲಿಲ್ಲ, ಅದನ್ನು ಹೇಳಲೇಬೇಕು. ಊರವರು ಅವನ ಬಗ್ಗೆ ಏನೇನೋ ಆಡಿಕೊಂಡರು, ಗಂಡುಹುಡುಗರ ನಡುವೆ ಕಳಿಸಲು ಇವರ ಮಂದಿ ಒಪ್ಪುವುದಿಲ್ಲ ಎಂದರು. ಸುಳ್ಳು. "ಇಬ್ಬರಾದ್ರೂ ಅದಾರಲ್ಲ, ಒಬ್ಬರಿಗೊಬ್ಬರು ಜೋಡಿ, ಹೋಗ್ಲಿ" ಎಂದ ಮನುಷ್ಯ ಅವನು. ಅವನ ಮನಸ್ಸು ಮುರಿದದ್ದು ಬೇರೆಯದಕ್ಕೆ.

ಭಾದ್ರಪದದಲ್ಲಿ ನಾನು ಚಳಿಜ್ವರ ಬಂದು ಮಲಗಿದೆ. ಹರವಿ ಬತ್ತಿತ್ತು. ಹುಡುಗರು ನೀರಿಲ್ಲದೆ ಒದ್ದಾಡುವುದನ್ನು ನೋಡಿ ಹಸೀನಾ ತಾನೇ ಬಾವಿಯಿಂದ ಸೇದಿ ತಂದು ತುಂಬಿದಳು. ಯಾರೋ ಓಡಿ ಹೋಗಿ ಚೇರಮನ್ನನಿಗೆ ಹೇಳಿದರು. ಅವನು ಬಂದು, ಎಲ್ಲರ ಎದುರು ಆ ನೀರನ್ನು ಅಂಗಳಕ್ಕೆ ಚೆಲ್ಲಿಸಿ, ಹರವಿಯನ್ನು ಸಗಣಿ ನೀರಿನಲ್ಲಿ ತೊಳೆಸಿದ. "ಮೈಲಿಗಿ ಗೊತ್ತಾಗಂಗಿಲ್ಲೇನ? ಕಸಾ ಹೊಡಿ ಅಂದ್ರ ಕಸಾ ಹೊಡಿಬೇಕು" ಎಂದು ಬೈದ. ಹೆಡ್‌ಮಾಸ್ತರರು ಕರಿ ಹಲಗೆ ಒರೆಸುತ್ತ ನಿಂತಿದ್ದರಂತೆ. ಅದರ ಮೇಲೆ ಆಗ ಏನೂ ಬರೆದಿರಲಿಲ್ಲ ಎಂದು ಹಸೀನಾ ನನಗೆ ಹೇಳಿದಳು.

ಅವತ್ತು ಸಂಜೆ ಇಮಾಮಸಾಬ ಕಾಕಾ ನಮ್ಮ ಕಟ್ಟೆಗೆ ಬಂದು ಕೂತ. ಭಟ್ಟಿಯ ಮಸಿ ಕೈಗೆ ಹಾಗೇ ಇತ್ತು. "ಅಣ್ಣಾ, ನಾವು ಕೈಯಾಡಿಸಿ ಹುರದ ಚುರಮುರಿ ಆಂವ ಮುಕ್ಕತಾನ. ಆ ಕೈಯಾಗ ಬೆಳದ ಹುಡುಗಿ ಹರವಿ ಮುಟ್ಟಿದ್ರ ಮೈಲಿಗಿ? ಹಲ್ಲಿಗೆ ಇಲ್ಲದ ಮೈಲಿಗಿ ಹರವಿಗೆ ಎಲ್ಲಿಂದ ಬಂತು? ನನ್ನ ಮಗಳು ಕಸಾ ಹೊಡದು ಕಲಿಯೂದು ಬ್ಯಾಡ."

ಅಪ್ಪ ಬಂದು ಅವನ ಪಕ್ಕದಲ್ಲಿ ಕೂತ. ನನ್ನನ್ನೂ ಬಿಡಿಸುತ್ತೇನೆ ಎಂದ. ಇಂಡಿಯ ಮಾವನಿಗೆ ಈ ಸುದ್ದಿ ಯಾವ ಗಾಳಿ ಮುಟ್ಟಿಸಿತೋ, ಮರುವಾರವೇ ಹೊಸ ಧೋತರ ಉಟ್ಟು ಬಂದಿಳಿದ. ಅವ್ವ ಬಾಗಿಲಲ್ಲೇ ನಿಂತು, "ನೀಲಾ ಒಬ್ಬಾಕಿನ ಹೋಗ್ತಾಳ. ಹೊಲಸ ಐತಿ ಅಂತ ದಾರಿ ಬಿಟ್ರ ಮನಿ ಮುಟ್ಟೂದು ಹೆಂಗ?" ಎಂದಳು. ನಾನು ಹೋದೆ. ಹಸೀನಾಳ ಪೊರಕೆಯೂ ನನ್ನ ಪಾಲಿಗೆ ಬಂತು. ದಿನಾ ಸಂಜೆ ಭಟ್ಟಿಯ ಹಿಂದಿನ ಪಡಸಾಲೆಯಲ್ಲಿ ಕೂತು ಆವತ್ತಿನ ಪಾಠವನ್ನೆಲ್ಲ ಅವಳಿಗೆ ಒಪ್ಪಿಸುತ್ತಿದ್ದೆ. ಲೆಕ್ಕ ಮಾತ್ರ ಅವಳೇ ನನಗೆ ಹೇಳಿಕೊಡಬೇಕಾಗುತ್ತಿತ್ತು. ಶಾಲೆಗೆ ಹೋಗದವಳು ಹೋಗುವವಳಿಗೆ!

ಚಳಿಗಾಲ ಬಂತು. ಎರಿ ಹೊಲದ ತುಂಬ ಬಿಳಿಜೋಳ ಹಾಲು ತುಂಬಿ ನಿಂತಿತು. ಎಳೆ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಸೀತನಿ ತಿನ್ನುವ ಕಾಲ. ವಿದ್ಯಾ ಖಾತೆಯ ಸಾಹೇಬರು ಹಳ್ಳಿಯ ಕಡೆ ಶಾಲೆಗಳ ತಪಾಸಣೆಗೆ ಬರುವ ಕಾಲವೂ ಅದೇ. ಸರಕಾರದ ಹಂಗಿಲ್ಲ ಎಂದು ಎದೆ ತಟ್ಟಿದ್ದ ಚೇರಮನ್ ಅಷ್ಟರಲ್ಲಿ ಸರಕಾರದ ಗ್ರ್ಯಾಂಟಿಗೆ ಜೊಲ್ಲು ಸುರಿಸುತ್ತಿದ್ದ. ಹುಡುಗಿಯರು ಹೆಚ್ಚು ಕಂಡರೆ ಗ್ರ್ಯಾಂಟು ಬೇಗ ಬರುತ್ತದೆ ಎಂದು ಯಾರೋ ತಲೆಯಲ್ಲಿ ತುಂಬಿದ್ದರು. ಮತ್ತೆ ಸುಣ್ಣ ಬಂತು. ಮತ್ತೆ ಚಕ್ಕಡಿಗಳು ಹೋದವು. ಜೋಳದ ಕಾವಲಿನ ಹೊತ್ತು, ಈ ಸಲ ಹಳ್ಳಿಯಿಂದ ಅಷ್ಟು ಹುಡುಗಿಯರು ಸಿಗಲಿಲ್ಲ.

ಆಗ ಆ ಚೇರಮನ್ ಎಲ್ಲಿಗೆ ಬಂದ ಗೊತ್ತೇ? ಇಮಾಮಸಾಬ ಕಾಕಾನ ಭಟ್ಟಿಗೆ. ನಾನು ಹಸೀನಾಳ ಜೊತೆ ಅಲ್ಲಿಯೇ ಕೂತಿದ್ದೆ. ನಾಚಿಕೆ ಎಂಬುದು ಮನುಷ್ಯನ ಮೈಯಲ್ಲಿ ಎಲ್ಲಿರುತ್ತದೆಯೋ ಆ ಜಾಗವನ್ನೇ ಅವನು ಮಾರಿಕೊಂಡಿದ್ದ.

"ಇಮಾಮಸಾಬ್ರ, ನಾಳಿ ಒಂದ ದಿನದ ಮಟ್ಟಿಗೆ ನಿಮ್ಮ ಹುಡುಗೀನ್ನ ಕಳಸ್ರಿ. ಶಾಣ್ಯಾ ಹುಡುಗಿ. ಸಾಹೇಬ್ರು ಬರೂವ್ರದಾರ."

ಕಾಕಾ ಮರಳು ಆಡಿಸುವ ಸೌಟನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತ. ಏನು ಮಾಡಿಬಿಡುತ್ತಾನೋ ಎಂದು ನನ್ನ ಜೀವ ಹೌಹಾರಿತು. ಅಷ್ಟರಲ್ಲಿ ಹಸೀನಾ, "ನಾ ಹೋಗ್ತೇನಿ ಅಪ್ಪಾ" ಎಂದಳು.

ಚೇರಮನ್ ಹೋದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ. "ಬುದ್ಧಿ ಐತೇನ ನಿನಗ? ಆ ಹೊಲಸ ಮಂದಿ ಕರದ್ರ ಹೋಗ್ತೀ?"

"ಸಾಹೇಬ್ರ ಮುಂದ ಲೆಕ್ಕ ಬಿಡಸ್ತೇನಿ. ಈ ಹುಡುಗಿ ಸಾಲ್ಯಾಗ ಇರಬೇಕು ಅಂತ ಸಾಹೇಬ್ರ ಹೇಳಿದ್ರ, ಹರವಿ ಸೈತ ಮುಟ್ಟಾಕ ಕೊಡ್ತಾರ. ಅಪ್ಪನೂ ಕಳಸ್ತಾನ. ನೋಡ್ತಿರು" ಎಂದಳು. ಅವಳಿಗೆ ಅಷ್ಟು ಆಸೆ ಇತ್ತು.

ಮರುದಿನ ಅವಳಿಗೂ ಆ ಪರಕಾರ ತೊಡಿಸಿದರು. ಸಾಹೇಬರು ಕೋಟು ಹಾಕಿಕೊಂಡು ಬಂದರು. ಹೊರಗೆ ಚೇರಮನ್ನನ ಹೊಲಕ್ಕೆ ಹೋಗಲು ಟಾಂಗಾ ಸಿದ್ಧವಾಗಿತ್ತು, ಸೀತನಿಯ ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲ ಕಳಿಸಿ ಆಗಿತ್ತು. ಸಾಹೇಬರು ಅವಸರದಲ್ಲೇ ಹಲಗೆಯ ಮೇಲೆ ಬಡ್ಡಿಯ ಲೆಕ್ಕವೊಂದು ಬರೆದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರು ಬರೆದ ಖಡು ಕೆಳಗಿಡುವ ಮೊದಲೇ ಹಸೀನಾ ಎದ್ದು ಉತ್ತರ ಹೇಳಿದಳು. ಇನ್ನೊಂದು ಕೊಟ್ಟರು, ಅದನ್ನೂ ಹೇಳಿದಳು. ಸಾಹೇ‌ಬರು ಕನ್ನಡಕ ತೆಗೆದು ನೋಡಿದರು.

"ಶಾಬಾಸ್! ಹೆಸರೇನವಾ?"

"ಹಸೀನಾ ಇಮಾಮಸಾಬ ಅಂತರಿ."

"ಮುಂದ ಏನಾಗಬೇಕಂತ ಮಾಡೀದಿ? ಡಾಕ್ಟರೇನು, ಮಾಸ್ತರೇನು?"

ಹಸೀನಾ ಅವರ ಮುಖವನ್ನೇ ನೋಡುತ್ತ, "ಸಾಲಿಗೆ ಬರಬೇಕಂತ ಮಾಡೇನ್ರಿ" ಎಂದಳು.

ಚೇರಮನ್ ಗಟ್ಟಿಯಾಗಿ ನಕ್ಕ, ಮಾಸ್ತರರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಎದ್ದು ನಿಂತೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಸಾಹೇಬ್ರ, ಆಕಿ ಖರೇನ ಹೇಳಾಕತ್ತಾಳ್ರಿ. ಆಕೀನ್ನ ಸಾಲಿ ಬಿಡಿಸ್ಯಾರ. ಇವರೆಲ್ಲಾರೂ ಒಂದ ದಿನಕ್ಕ ಬಂದವರು, ನಾಳಿ ಒಬ್ಬರೂ ಇರಂಗಿಲ್ಲ. ಈ ಸಾಲ್ಯಾಗ ಇರೂ ಹುಡುಗಿ ಅಂದ್ರ ನಾ ಒಬ್ಬಾಕಿನ."

ಚೇರಮನ್ನನ ವಿಭೂತಿಯ ಮೇಲೆ ಬೆವರು ಇಳಿಯಿತು. ಈಗ ಸಾಹೇಬರು ಗುಡುಗುತ್ತಾರೆ, ಈಗ ಎಲ್ಲ ನೆಟ್ಟಗಾಗುತ್ತದೆ ಎಂದು ಕಾದೆ. ಸಾಹೇಬರು ಕನ್ನಡಕ ಹಾಕಿಕೊಂಡು ಮುಗುಳ್ನಕ್ಕರು.

"ಗೊತ್ತೈತಿ ಕುಂದರವಾ. ಎಲ್ಲಾ ಸಾಲ್ಯಾಗೂ ಇಷ್ಟ ಇರ್ತೈತಿ. ಆದ್ರ ಗಂಡಸರ ನಡುವ ಹಿಂಗ ಎದ್ದು ಮಾತಾಡೂ ಹುಡುಗೀನ್ನ ನಾ ಎಲ್ಲೂ ನೋಡಿಲ್ಲ. ಚೇರಮನ್ರ, ಹುಡುಗ ಹುಡುಗಿ ಕೂಡಿ ಕಲ್ತ್ರ ಎಂಥಾ ಧೈರ್ಯ ಬರ್ತೈತಿ ನೋಡ್ರಿ! ಇದನ್ನ ನಾ ಮ್ಯಾಲ ಹೇಳ್ತೇನಿ. ನಡೀರಿ, ಸೀತನಿ ಆರ್ತಾವು."

ಹೀಗೆ ನನ್ನ ಸಿಟ್ಟೂ ಅವರ ಚೀಲದ ಬಾಯಿಯ ಕಾಳಾಯಿತು. ಬದುಕಿನಲ್ಲಿ ಬೇಕಾದಷ್ಟು ಹೊಲಸು ಕಂಡಿದ್ದೇನೆ, ಆದರೆ ಆ ಮುಗುಳ್ನಗೆಯಷ್ಟು ಹೇಸಿಗೆ ಬೇರೆ ಯಾವುದೂ ತರಿಸಿಲ್ಲ.

ಎಲ್ಲರೂ ಬಾಗಿಲ ಕಡೆ ಹೊರಳಿದಾಗ ಹಸೀನಾ ಎದ್ದು ಸೀದಾ ಮೂಲೆಗೆ ನಡೆದಳು. ಹರವಿಯ ಮುಚ್ಚಳ ತೆಗೆದು, ತಂಬಿಗೆ ಮುಳುಗಿಸಿ, ತುಟಿಗೆ ಹಚ್ಚಿ ಗಟಗಟ ಕುಡಿದಳು. ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಭೇದವಿಲ್ಲದ ಶಾಲೆಯ ಚೇರಮನ್ ಏನೆಂದಾನು? ಬಾಯಿ ತೆರೆದ, ಮುಚ್ಚಿದ. ಅವಳು ಮತ್ತೊಮ್ಮೆ ತುಂಬಿ ನನಗೆ ಕೊಟ್ಟಳು. ನಾನೂ ಕಚ್ಚಿಯೇ ಕುಡಿದೆ.

ಸಂಜೆ ಹುಡುಗಿಯರ ಪರಕಾರಗಳನ್ನು ಬಿಚ್ಚಿಸಿ ಗಂಟು ಕಟ್ಟಿದರು. ಈ ಸಲ ಜಿಲೇಬಿಯೂ ಇಲ್ಲ, ಒಬ್ಬೊಬ್ಬರಿಗೆ ಒಂದೊಂದು ಕಾಗದದ ಪೊಟ್ಟಣ. ಹಸೀನಾ ತನ್ನ ಹಳೆಯ ಬಟ್ಟೆ ಹಾಕಿಕೊಂಡು ಹೊರಗೆ ಬಂದು ಪೊಟ್ಟಣ ಬಿಚ್ಚಿದಳು. ಚುರಮುರಿ. ಒಂದು ಕಾಳು ಬಾಯಿಗೆ ಹಾಕಿಕೊಂಡು, "ನಮ್ಮ ಭಟ್ಟೀದ" ಎಂದಳು.

ಗ್ರ್ಯಾಂಟು ಬಂತು. ಹಸೀನಾಳನ್ನು ಯಾರೂ ಕರೆಯಲಿಲ್ಲ. ಅಪ್ಪ ಆ ಚೇರಮನ್ನನ ಮಾಲಿಗೆ ಮತ್ತೆ ಎಂದೂ ಕೈ ಹಚ್ಚಲಿಲ್ಲ, ಕಾಕಾ ಆ ಅಂಗಡಿಗೆ ಚುರಮುರಿ ಕೊಡುವುದನ್ನು ನಿಲ್ಲಿಸಿದ. ಆ ಮನುಷ್ಯ ಬೇರೆ ಭಟ್ಟಿಯ ಚುರಮುರಿ ತಿಂದು ತೇಗಿದ, ಅವನಿಗೇನು! ನಾನು ಅದೇ ಗೋದಾಮಿನಲ್ಲಿ ಮೆಟ್ರಿಕ್ ಮುಗಿಸಿದೆ, ಬಸವನ ಬಾಗೇವಾಡಿಯಲ್ಲಿ ಮಾಸ್ತರಕಿ ಹಿಡಿದೆ. ಹಸೀನಾಳನ್ನು ಮುದ್ದೇಬಿಹಾಳಕ್ಕೆ ಮದುವೆ ಮಾಡಿ ಕೊಟ್ಟರು.

ಇದನ್ನೆಲ್ಲ ಕಾರಿನಲ್ಲಿ ಕೂತು ಸೊಸೆಗೆ ಹೇಳಿದೆ. ಮೊಮ್ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. "ಹಂಗಾರ ಈ ಸಾಲಿ ಬ್ಯಾಡೇನ್ರಿ ಅತ್ತಿ?" ಎಂದಳು ಸೊಸೆ.

"ಬ್ಯಾಡ ಅನ್ನಾಂಗಿಲ್ಲ, ಬೇಕು ಅಂತನೂ ಅನ್ನಾಂಗಿಲ್ಲ. ಸಾಲಿ ಚಾಲು ಆಗ್ಲಿ. ಯಾರಿಗೂ ಹೇಳದಂಗ ಮಧ್ಯಾಹ್ನದ ಸೂಟ್ಯಾಗ ಬಂದು ನಿಲ್ಲೂಣು. ಯಾವ ಹುಡುಗರು ಎಲ್ಲಿ ನೀರು ಕುಡಿತಾರ, ಕಸಾ ಯಾರು ಹೊಡಿತಾರ ನೋಡೂಣು. ಆಮ್ಯಾಲ ಹೇಳ್ತೇನಿ."

ಸೊಸೆ ಕೇಳಿದಳು: "ಹಸೀನಾ ಆಂಟಿ ಕುಡದ್ರಲ್ಲ, ಆ ಹರವಿ ಏನಾತ್ರಿ?"

ಸಾಹೇಬರು ಬಂದು ಹೋದ ಮರುದಿನ ಮುಂಜಾನೆ ಕಸ ಹೊಡೆಯಲು ನಾನು ಬೇಗ ಹೋಗಿದ್ದೆ. ಮೂಲೆಯಲ್ಲಿ ಹೊಸ ಹರವಿ ಕೂತಿತ್ತು. ಹಳೆಯದು ಹಿತ್ತಲ ಜಾಲಿ ಕಂಟಿಯಲ್ಲಿ ಚೂರುಚೂರಾಗಿ ಬಿದ್ದಿತ್ತು, ಒಂದು ಚೂರಿನಲ್ಲಿ ಇನ್ನೂ ನೀರು ನಿಂತಿತ್ತು. ಪೊರಕೆ ಬಿಸಾಕಿ ಭಟ್ಟಿಗೆ ಓಡಿದೆ. ಹಸೀನಾ ಜರಡಿ ಹಿಡಿದು ಚುರಮುರಿಯಿಂದ ಮರಳು ಜಾಡಿಸುತ್ತಿದ್ದಳು. ನಾನು ಅಳುತ್ತಲೇ ಹೇಳಿದೆ. ಅವಳು ಜರಡಿ ಆಡಿಸುವುದನ್ನು ನಿಲ್ಲಿಸಿದಳು.

"ಒಡದ್ರಾ? ಒಡೀಲಿ ಬಿಡು" ಎಂದಳು. "ನಾ ಸಾಲಿಗೆ ಬಂದಿದ್ದೆ ಅನ್ನೂದು ಅವರೂ ಮರೀಯಂಗಿಲ್ಲ ಅಂದಂಗಾತು."